ಲಾವಾ ನಡುವೆ ಒಂದು ಟೆಂಟು

ಇದು ಚಂದ್ರ ಅಲ್ಲ. ಅಮೆರಿಕದ ಐಡಾಹೊ ರಾಜ್ಯದ ‘ಕ್ರೇಟರ್ಸ್ ಆಫ್ ದಿ ಮೂನ್’. ಸುಮಾರು 1,800 ಮೀಟರ್ ಎತ್ತರದ ಒಣ ಬಯಲು, ಕಣ್ಣು ಹಾಯಿಸಿದಷ್ಟೂ ಕರೀ ಕಲ್ಲು.

ಒಂದೇ ದೊಡ್ಡ ಬೆಟ್ಟ ಸಿಡಿದು ಆಗಿದ್ದಲ್ಲ ಇದು. ನೆಲವೇ ಉದ್ದಕ್ಕೂ ಬಿರುಕು ಬಿಟ್ಟು, 15,000 ವರ್ಷಗಳಿಂದ ಆಗಾಗ ಲಾವಾ ಉಕ್ಕಿದೆ. ಕೊನೇ ಸಲ ಉಕ್ಕಿದ್ದು ಸುಮಾರು 2,000 ವರ್ಷಗಳ ಹಿಂದೆ. ಅಂದ್ರೆ, ಭೂಮಿಯ ಲೆಕ್ಕದಲ್ಲಿ ಮೊನ್ನೆ ಮೊನ್ನೆ! ಹತ್ತಿರ ಹೋಗಿ ನೋಡಿ: ಕೆಲವು ಕಡೆ ಹಗ್ಗ ಸುತ್ತಿಟ್ಟ ಹಾಗೆ ಮಡಿಕೆ ಮಡಿಕೆ, ಮೇಲೆ ತೆಳು ನೀಲಿ ಹೊಳಪು. ಪಕ್ಕದಲ್ಲೇ ಬೂಟು ಹರಿಯುವಷ್ಟು ಚೂಪು ಕಲ್ಲು.

1969ರಲ್ಲಿ ಅಪೊಲೊ ಗಗನಯಾತ್ರಿಗಳು ಕಲ್ಲು ಗುರುತಿಸೋದು ಕಲಿಯೋಕೆ ಇಲ್ಲಿಗೇ ಬಂದಿದ್ರು.

ಕ್ಯಾಂಪ್‌ಗ್ರೌಂಡ್ ಇರೋದೂ ಈ ಲಾವಾ ನಡುವೆಯೇ. ಗಾಳಿ ಜೋರು, ಟೆಂಟಿನ ಗೂಟ ಗಟ್ಟಿಯಾಗಿರಲಿ. ಸೌದೆ ಬೆಂಕಿ ಹಾಕೋ ಹಾಗಿಲ್ಲ. ಗ್ರಿಲ್‌ನಲ್ಲಿ ಇದ್ದಿಲು ಮಾತ್ರ. ಬೇಸಿಗೆ ಮಧ್ಯಾಹ್ನ ಕರೀ ಕಲ್ಲು ಕಾವಲಿಯಂತೆ ಕಾಯುತ್ತೆ, ನಡಿಗೆ ಬೆಳಿಗ್ಗೆಯೇ ಮುಗಿಸಿ.

ಲಾವಾ ಗುಹೆಗೆ ಇಳಿಯೋಕೆ ಮೊದಲು ಉಚಿತ ಪರ್ಮಿಟ್ ತಗೊಳ್ಳಿ. ಬೇರೆ ಗುಹೆಗೆ ಹಾಕ್ಕೊಂಡು ಹೋಗಿದ್ದ ಶೂ ಬೇಡ. ಬಾವಲಿಗಳನ್ನು ಕೊಲ್ಲೋ ಶಿಲೀಂಧ್ರ ಅದರ ಜೊತೆಗೇ ಬಂದುಬಿಡಬಹುದು.