ಪರರ ಆಕಾಶದಲ್ಲಿ ನಮ್ಮ ಒಕ್ಕಲು

ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ರಾತ್ರಿಪೂಜೆ ಮುಗಿದ ಮೇಲೆಯೂ, ತಿರುಮಕೂಡಲು ನರಸೀಪುರದಲ್ಲಿ ಅಂಗಡಿಬೀದಿಯ ದೀಪಗಳು ಆರಿದ ಮೇಲೆಯೂ ಮಗನ ಕೋಣೆಯಲ್ಲಿ ಬೆಳಕಿರುವುದನ್ನು ಕಂಡು ಚಿಂತಿಸುವ ತಂದೆತಾಯಿಗಳು ಉಂಟು. ಒಳಗೆ ಇಣುಕಿದರೆ ಹುಡುಗನು ಗಣಕಯಂತ್ರದ ಮುಂದೆ ಕುಳಿತು, ಮುಖ ಕಾಣದ ಜೊತೆಗಾರರೊಡನೆ ನಕ್ಷತ್ರಲೋಕದಲ್ಲಿ ಸಂಚರಿಸುತ್ತಿರುತ್ತಾನೆ. ಗದರಿಸಿ ದೀಪ ಆರಿಸುವುದು ಸುಲಭ. ಆದರೆ ಆ ಆಟವು ಎಂತಹುದು, ಅದರಿಂದ ನಮಗಾಗುವ ನಿಜವಾದ ನಷ್ಟವು ಯಾವುದು ಎಂಬುದನ್ನು ವಿಚಾರಿಸದೆ ತೀರ್ಪು ಕೊಡುವುದು ವಿವೇಕವಲ್ಲ.

ಅಮೆರಿಕದ ಜಾರ್ಜ್ ಲೂಕಸರು 1977ರಲ್ಲಿ ತೆರೆಗೆ ತಂದ 'ಸ್ಟಾರ್ ವಾರ್ಸ್' ಕಥಾಲೋಕವು ಇಂದು ಜಗತ್ತಿನ ಮನೆಮಾತಾಗಿರುವುದು. ಅದನ್ನೇ ಆಧರಿಸಿ 2003ರ ಜೂನ್ ತಿಂಗಳಿನಲ್ಲಿ 'ಗ್ಯಾಲಕ್ಸೀಸ್' ಎಂಬ ಆನ್‌ಲೈನ್ ಆಟವು ಆರಂಭವಾಯಿತು. ಸಾವಿರಾರು ಜನ ಏಕಕಾಲದಲ್ಲಿ ಪ್ರವೇಶಿಸಬಹುದಾಗಿದ್ದ ಆ ಲೋಕದಲ್ಲಿ ಯುದ್ಧವೊಂದೇ ಕಸುಬಾಗಿರಲಿಲ್ಲ. ಒಬ್ಬನು ವೈದ್ಯನಾಗಬಹುದಿತ್ತು, ಮತ್ತೊಬ್ಬನು ಶಿಲ್ಪಿ, ವರ್ತಕ ಅಥವಾ ವಾದ್ಯಗಾರನಾಗಬಹುದಿತ್ತು. ಆಟಗಾರರು ಮನೆಗಳನ್ನು ಕಟ್ಟಿದರು, ಊರುಗಳನ್ನು ನಿರ್ಮಿಸಿದರು, ಆ ಊರುಗಳಿಗೆ ಮತ ಹಾಕಿ ಪೌರಾಧ್ಯಕ್ಷರನ್ನು ಆರಿಸಿದರು. ಪೌರಧರ್ಮದ ಅಭ್ಯಾಸವೇ ಅಲ್ಲಿ ಕ್ರೀಡೆಯ ರೂಪದಲ್ಲಿ ನಡೆಯುತ್ತಿದ್ದಿತೆಂದರೆ ಅತಿಶಯೋಕ್ತಿಯಾಗಲಾರದು.

ಆದರೆ ಆ ಪೌರರಿಗೆ ತಾವು ನಿಂತ ನೆಲದ ಮೇಲೆ ಯಾವ ಹಕ್ಕೂ ಇರಲಿಲ್ಲ. 2005ರ ನವೆಂಬರಿನಲ್ಲಿ ಆಟದ ಒಡೆಯರು ಮೂವತ್ತಕ್ಕೂ ಮಿಗಿಲಾಗಿದ್ದ ಕಸುಬುಗಳನ್ನು ಒಮ್ಮೆಲೇ ಒಂಬತ್ತಕ್ಕೆ ಇಳಿಸಿದರು. ಹಲವರು ವರ್ಷಗಟ್ಟಲೆ ಸಾಧಿಸಿದ ವಿದ್ಯೆಯು ಒಂದೇ ದಿನದಲ್ಲಿ ವ್ಯರ್ಥವಾಯಿತು. 2011ರ ಡಿಸೆಂಬರ್ 15ರಂದು ಆ ಲೋಕವನ್ನೇ ಮುಚ್ಚಿಬಿಟ್ಟರು. ಐದು ದಿನಗಳ ತರುವಾಯ ಅದೇ ಕಥೆಯನ್ನು ಆಧರಿಸಿದ 'ದಿ ಓಲ್ಡ್ ರಿಪಬ್ಲಿಕ್' ಎಂಬ ಬೇರೊಂದು ಆಟವು ತೆರೆಯಿತು. ಹಳೆಯ ಒಕ್ಕಲಿನ ಮನೆ, ಊರು, ಗಳಿಕೆಗಳಲ್ಲಿ ಒಂದೂ ಅಲ್ಲಿಗೆ ದಾಟಲಿಲ್ಲ.

ನರಸೀಪುರ ತಾಲ್ಲೂಕಿನವರಿಗೆ ಮುಳುಗಿದ ಊರೆಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಗಂಗರ ರಾಜಧಾನಿಯಾಗಿದ್ದ ತಲಕಾಡು ಕಾವೇರಿಯ ಮರಳಿನಡಿ ಹುದುಗಿತು. ಆದರೂ ಮರಳನ್ನು ತೋಡಿದರೆ ದೇಗುಲವು ಸಿಕ್ಕುವುದು. 2020ರ ಡಿಸೆಂಬರಿನಲ್ಲಿ ಪಂಚಲಿಂಗ ದರ್ಶನವೂ ನಡೆಯಿತು. ಕಂಪೆನಿಯ ಯಂತ್ರಾಗಾರದಲ್ಲಿ ಅಳಿಸಿಹೋದ ಊರನ್ನಾದರೋ ತೋಡಿ ತೆಗೆಯಲು ನೆಲವೇ ಇಲ್ಲ. ಅಭಿಮಾನಿಗಳು ಧೃತಿಗೆಡದೆ ಸ್ವಂತ ಶ್ರಮದಿಂದ 'ಗ್ಯಾಲಕ್ಸೀಸ್'ನ ಪ್ರತಿರೂಪಗಳನ್ನು ರಚಿಸಿ ನಡೆಸುತ್ತಿರುವುದು ಸ್ತುತ್ಯವೇ. ಆದರೆ ಅದು ಕಟ್ಟಬಲ್ಲವರಿಗೆ ದೊರೆತ ಫಲ, ಬರಿದೆ ಆಡುವವರಿಗಲ್ಲ.

ನಮ್ಮ ತರುಣನ ಸ್ಥಿತಿಯೇನು? 'ಓಲ್ಡ್ ರಿಪಬ್ಲಿಕ್'ನ ಪಾತ್ರಗಳು ಇಂಗ್ಲಿಷ್, ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ಮಾತನಾಡುತ್ತವೆ. ಕನ್ನಡಕ್ಕೆ ಆ ಬ್ರಹ್ಮಾಂಡದಲ್ಲಿ ಸ್ಥಳವಿಲ್ಲ. ಯಂತ್ರಾಗಾರವು ಯೂರೋಪಿನಲ್ಲಿದ್ದರೆ ನಂಜನಗೂಡಿನಿಂದ ಸುಮಾರು 8,000 ಕಿಲೋಮೀಟರು ದೂರ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುವುದಾದರೂ, ಹುಡುಗನ ಅಪ್ಪಣೆ ಹೋಗಿ ಉತ್ತರ ಬರುವುದರೊಳಗೆ ಸೆಕೆಂಡಿನ ನೂರರಲ್ಲಿ ಎಂಟು ಪಾಲಾದರೂ ಕಳೆಯಲೇಬೇಕು. ವಾಸ್ತವದಲ್ಲಿ ಇನ್ನೂ ಹೆಚ್ಚು. ಯಂತ್ರಾಗಾರದ ನೆರೆಯವನು ಅಷ್ಟರಲ್ಲಿ ಕತ್ತಿ ಬೀಸಿರುತ್ತಾನೆ. ದೂರದ ಒಕ್ಕಲಿಗೆ ಆಟದಲ್ಲಿಯೂ ಗೇಣಿ ತಪ್ಪಲಿಲ್ಲ!

ಆದಕಾರಣ ಆಟವನ್ನೇ ನಿಷೇಧಿಸಬೇಕೆಂದು ನಾವು ಹೇಳುವುದಿಲ್ಲ. ನಿದ್ರೆಗೂ ಪಾಠಕ್ಕೂ ಭಂಗ ಬಾರದಂತೆ ಮಿತಿ ಕಟ್ಟುವುದು ಹಿರಿಯರ ಹೊಣೆ. ಹಣ ಕಟ್ಟಿ ಆಡುವ ಜೂಜಿನ ಮಾತು ಬೇರೆ. 2025ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರ ಶಾಸನವು ಹಣದಾಟಗಳನ್ನು ನಿಷೇಧಿಸಿ, ಸ್ಪರ್ಧಾಕ್ರೀಡೆಗೂ ಜೂಜಿಲ್ಲದ ಆಟಗಳಿಗೂ ಪ್ರೋತ್ಸಾಹದ ಮಾತನ್ನಾಡಿರುವುದು. ನಮ್ಮ ರಾಜ್ಯ ಸರ್ಕಾರವೂ ಅನಿಮೇಷನ್, ಗೇಮಿಂಗ್ ಮೊದಲಾದ ಉದ್ಯಮಗಳಿಗಾಗಿ 2024ರಿಂದ 2029ರವರೆಗಿನ ನೀತಿಯೊಂದನ್ನು ರೂಪಿಸಿರುವುದು. ಈ ನೀತಿಯ ಫಲವು ಬೆಂಗಳೂರಿನ ಗಾಜಿನ ಮನೆಗಳಲ್ಲಿಯೇ ಉಳಿಯದೆ ತಾಲ್ಲೂಕು ಕಾಲೇಜುಗಳಿಗೆ ಇಳಿಯುವಂತೆ ನೋಡಿಕೊಳ್ಳುವುದು ಅಧಿಕಾರಿಗಳ ಕರ್ತವ್ಯ.

ಆಟವನ್ನು ರಚಿಸುವುದು ನಮ್ಮವರಿಗೆ ಹೊಸತೇ? ನಂಜುಂಡನ ಪರಮಭಕ್ತರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆನಡೆಯ ಬಂಧಗಳನ್ನು ಬಿಡಿಸಿದುದಲ್ಲದೆ, ಹೊಸ ಫಲಕದಾಟಗಳನ್ನೂ ಗಂಜೀಫಾ ಎಲೆಗಳ ಕ್ರಮಗಳನ್ನೂ ತಾವೇ ಕಲ್ಪಿಸಿದರು. ರಾಜ್ಯಾಧಿಕಾರವನ್ನು 1831ರಲ್ಲಿ ಆಂಗ್ಲರು ಕಸಿದುಕೊಂಡರು. ಕಲ್ಪನೆಯ ಅಧಿಕಾರವನ್ನು ಕಸಿಯಲು ಅವರಿಂದಾಗಲಿಲ್ಲ.

ಆ ಅಧಿಕಾರವನ್ನು ಇಂದು ನಾವಾಗಿಯೇ ಬಿಟ್ಟುಕೊಡುತ್ತಿದ್ದೇವೆ. ಪರರ ನಕ್ಷತ್ರಲೋಕವನ್ನು ನೋಡಿಬರುವುದರಲ್ಲಿ ತಪ್ಪಿಲ್ಲ, ಅತಿಥಿಯಾಗಿ ಹೋಗಿಬರೋಣ. ಆದರೆ ಮರಳಿನಡಿಯ ತಲಕಾಡು, 1258ರ ಸೋಮನಾಥಪುರ, ಕಾವೇರಿ ಕಪಿಲೆಯರ ಸಂಗಮ ಇವುಗಳ ನಡುವೆ ಬೆಳೆದ ಹುಡುಗನಿಗೆ ಲೋಕವೊಂದನ್ನು ಕಟ್ಟಲು ಸಾಮಗ್ರಿಯ ಕೊರತೆಯೇ? ಇಂದು ರಾತ್ರಿ ಕೋಣೆಯಲ್ಲಿ ಬೆಳಕು ಕಂಡರೆ ತಂದೆಯು ಗದರಿಸುವ ಮುನ್ನ ಪಕ್ಕದಲ್ಲಿ ಕುಳಿತು ಒಂದು ಮಾತು ಕೇಳಲಿ: “ಮಗು, ಇಂತಹುದನ್ನು ನೀನೇ ಕನ್ನಡದಲ್ಲಿ ಕಟ್ಟುವೆಯಾ?”