ಸಿಕ್ಕಿದ್ದು ಟ್ರಿಮ್5 ಹೌದಾ, ಅಲ್ವಾ?

ಎಚ್‌ಐವಿ-1 ನಮಗೆ ತಗಲುತ್ತೆ, ರೀಸಸ್ ಕೋತಿಗೆ ತಗಲಲ್ಲ. ಯಾಕೆ? 2004ರಲ್ಲಿ ಬಾಸ್ಟನ್‌ನ ಜೋಸೆಫ್ ಸೊಡ್ರೋಸ್ಕಿ ಅವರ ತಂಡ ಒಂದು ದೊಡ್ಡ ಕಾರಣ ಹುಡುಕಿತು: ಟ್ರಿಮ್5 ಆಲ್ಫಾ ಅನ್ನೋ ಪ್ರೋಟೀನ್. ವೈರಸ್ ಜೀವಕೋಶದ ಒಳಗೆ ಬಂದ ಕೂಡಲೇ ಅದರ ಕ್ಯಾಪ್ಸಿಡ್ ಚಿಪ್ಪಿನ ಮೇಲೆ ಇದು ಬಲೆಯ ಹಾಗೆ ಹೆಣೆದುಕೊಂಡು, ಆರ್‌ಎನ್‌ಎ ಡಿಎನ್‌ಎ ಆಗೋ ಮುಂಚೆಯೇ ಕೆಲಸ ಕೆಡಿಸುತ್ತೆ. ನಮ್ಮಲ್ಲೂ ಇದೆ, ಆದ್ರೆ ಎಚ್‌ಐವಿ-1ರ ಮುಂದೆ ಅದರ ಆಟ ಅಷ್ಟಾಗಿ ನಡೆಯಲ್ಲ. 332ನೇ ಜಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಿಸಿದ್ರೆ ನಮ್ಮದೂ ತಡೆಯೋಕೆ ಶುರು ಮಾಡುತ್ತೆ!

ಸರಿ, ಆದ್ರೆ ಅದನ್ನ ಕಣ್ಣಿಗೆ ಕಾಣಿಸಬೇಕಲ್ಲ. ಅದಕ್ಕೇ ಆಂಟಿಬಾಡಿ. ಸಾವಿರಾರು ಪ್ರೋಟೀನ್‌ಗಳಲ್ಲಿ ಒಂದನ್ನೇ ಹಿಡಿಯೋ ಕೊಕ್ಕೆ. ನಮ್ಮ ಆಫೀಸ್ ಭಾಷೇಲಿ ಗ್ರೆಪ್ ಕಮಾಂಡ್. ತೊಂದರೆ ಏನಂದ್ರೆ, ಟ್ರಿಮ್5 ಕೋಶದಲ್ಲಿ ಇರೋದೇ ಸ್ವಲ್ಪ. ಮೇಲಾಗಿ ಟ್ರಿಮ್6, ಟ್ರಿಮ್22, ಟ್ರಿಮ್34 ಅಂತ ಅದನ್ನೇ ಹೋಲೋ ದಾಯಾದಿಗಳ ಜೀನ್‌ಗಳು 11ನೇ ಕ್ರೋಮೋಸೋಮ್ ಮೇಲೆ ಅಕ್ಕಪಕ್ಕದಲ್ಲೇ ಇವೆ. ಪ್ಯಾಟರ್ನ್ ಸಡಿಲ ಇದ್ರೆ ಬೇಡದ ಲೈನೆಲ್ಲ ಬರುತ್ತಲ್ಲ, ಹಾಗೆ. ಶೀಶೆ ಮೇಲೆ 'ಆಂಟಿ-ಟ್ರಿಮ್5' ಅಂತ ಬರೆದಿದ್ದ ಮಾತ್ರಕ್ಕೆ ನಾನಂತೂ ನಂಬಲ್ಲ.

ಅದಕ್ಕೇ ಎಷ್ಟೋ ಪ್ರಯೋಗಗಳಲ್ಲಿ ಪ್ರೋಟೀನಿನ ತುದಿಗೆ ಎಚ್‌ಎ ಅನ್ನೋ 9 ಅಮೈನೋ ಆಮ್ಲದ ಬಾಲ ಅಂಟಿಸಿ, ಆ ಬಾಲ ಹಿಡಿಯೋ ಆಂಟಿಬಾಡಿ ಬಳಸಿದರು. ಒಳ್ಳೆ ಉಪಾಯ. ಆದ್ರೆ ಆಗ ನೋಡ್ತಿರೋದು ಹೊರಗಿಂದ ಹಾಕಿದ ಪ್ರೋಟೀನನ್ನ, ಅದೂ ಸಾಮಾನ್ಯವಾಗಿ ಸಹಜಕ್ಕಿಂತ ಜಾಸ್ತಿ. ಕೋಶದ ಸ್ವಂತ ಪ್ರೋಟೀನೇ ಬೇಕಂದ್ರೆ ನಾಕೌಟ್ ಪರೀಕ್ಷೆ ಮಾಡಲೇಬೇಕು: ಕ್ರಿಸ್ಪರ್‌ನಿಂದ ಟ್ರಿಮ್5 ಜೀನ್ ಕೆಡಿಸಿದ ಕೋಶ ಒಂದು ಕಡೆ, ಮಾಮೂಲಿ ಕೋಶ ಇನ್ನೊಂದು ಕಡೆ. ವೆಸ್ಟರ್ನ್ ಬ್ಲಾಟ್‌ನಲ್ಲಿ ಎರಡರಲ್ಲೂ ಅದೇ ಪಟ್ಟಿ ಕಂಡ್ರೆ, ಆ ಆಂಟಿಬಾಡಿ ಹಿಡಿದಿರೋದು ಬೇರೆ ಯಾರನ್ನೋ.