ಸಾಧನವೃಕ್ಷದಲ್ಲಿ ಗಡಿಯಾರಗಳ ನಿರೂಪಣೆ

ಗಣಕಯಂತ್ರದ ಒಳಗಿನ ಗಡಿಯಾರವು ಹೊತ್ತನ್ನು ತಿಳಿಸುವ ಉಪಕರಣವಲ್ಲ. ಯಂತ್ರದ ಭಾಗಗಳೆಲ್ಲ ಹೆಜ್ಜೆ ತಪ್ಪದೆ ನಡೆಯುವಂತೆ ಸಮಾನ ಅಂತರದಲ್ಲಿ ಬರುವ ವಿದ್ಯುತ್ ಮಿಡಿತವೇ ಅದು. ಒಂದು ಸ್ಫಟಿಕದಲ್ಲಿ ಹುಟ್ಟಿದ ಮಿಡಿತವನ್ನು ಗುಣಿಸಿ, ಭಾಗಿಸಿ, ಬೇಕಾದೆಡೆಗೆ ಹಂಚುತ್ತಾರೆ. 2012ರಲ್ಲಿ ಹೊರಬಂದ ಮೊದಲ ರಾಸ್‌ಬೆರಿ ಪೈ ಫಲಕದಲ್ಲಿ ಈ ಸ್ಫಟಿಕದ ಆವೃತ್ತಿಯು 19.2 ಮೆಗಾಹರ್ಟ್ಸ್, ಎಂದರೆ ಸೆಕೆಂಡಿಗೆ 1,92,00,000 ಮಿಡಿತಗಳು.

ಇದನ್ನು ಲಿನಕ್ಸ್ ಕಾರ್ಯವ್ಯವಸ್ಥೆಯು ಅರಿಯುವುದು ಹೇಗೆ? ಯುಎಸ್‌ಬಿ ಮೂಲಕ ಜೋಡಿಸಿದ ಸಾಧನವು ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳಬಲ್ಲದು. ಫಲಕಕ್ಕೆ ಬೆಸೆದ ಸ್ಫಟಿಕಕ್ಕೆ ಆ ಸಾಮರ್ಥ್ಯವಿಲ್ಲ. ಆದುದರಿಂದ ಫಲಕದ ರಚನೆಯನ್ನು ‘ಡಿವೈಸ್ ಟ್ರೀ’ ಅಥವಾ ಸಾಧನವೃಕ್ಷವೆಂಬ ಕಡತದಲ್ಲಿ ಬರೆದಿಡುತ್ತಾರೆ. 1994ರ ಐಇಇಇ 1275 ಮಾನಕದಲ್ಲಿ ಬೇರೂರಿರುವ ಈ ಪದ್ಧತಿಯು ಲಿನಕ್ಸಿನಲ್ಲಿ ಪವರ್‌ಪಿಸಿ ಯಂತ್ರಗಳಿಗೆ ಮೊದಲು ಬಳಕೆಯಾಗಿ, 2011ರಿಂದೀಚೆಗೆ ಆರ್ಮ್ ಯಂತ್ರಗಳಲ್ಲಿಯೂ ವ್ಯಾಪಕವಾಯಿತು.

ನಿರೂಪಣೆಯಲ್ಲಿ ಎರಡು ಪಕ್ಷಗಳುಂಟು: ಮಿಡಿತವನ್ನು ಒದಗಿಸುವ ಘಟಕ, ಅದನ್ನು ಬಳಸುವ ಘಟಕ. ಒದಗಿಸುವುದು ಬದಲಾಗದ ಸ್ಫಟಿಕವಾದರೆ ಅದನ್ನು ‘ಫಿಕ್ಸ್ಡ್-ಕ್ಲಾಕ್’ ವರ್ಗಕ್ಕೆ ಸೇರಿಸಿ, ‘ಕ್ಲಾಕ್-ಫ್ರೀಕ್ವೆನ್ಸಿ’ ಎಂಬಲ್ಲಿ ಆವೃತ್ತಿಯನ್ನು ಹರ್ಟ್ಸ್‌ಗಳಲ್ಲಿ ಬರೆಯತಕ್ಕದ್ದು. ‘#ಕ್ಲಾಕ್-ಸೆಲ್ಸ್’ ಎಂಬುದರ ಬೆಲೆ, ಒಂದೇ ಮಿಡಿತವನ್ನು ಕೊಡುವ ಘಟಕಕ್ಕೆ 0. ಹಲವನ್ನು ಕೊಡುವುದಕ್ಕೆ ಸಾಮಾನ್ಯವಾಗಿ 1. ಎರಡನೆಯ ಸಂದರ್ಭದಲ್ಲಿ ಎಷ್ಟನೆಯ ಮಿಡಿತ ಬೇಕೆಂಬುದನ್ನು ಬಳಸುವ ಘಟಕವು ‘ಕ್ಲಾಕ್ಸ್’ ಎಂಬ ಸಾಲಿನಲ್ಲಿ ಸೂಚಿಸಬೇಕು. ‘ಕ್ಲಾಕ್-ನೇಮ್ಸ್’ ಸಾಲಿನ ಹೆಸರುಗಳು ಬಳಸುವ ಘಟಕದ ಒಳದಾರಿಗಳ ಹೆಸರುಗಳೇ ಹೊರತು ಒದಗಿಸುವುದರ ಹೆಸರುಗಳಲ್ಲ.

ಇಲ್ಲಿ ತಪ್ಪಿದರೆ ಆಗುವುದೇನು? ಸರಣಿ ಸಂಪರ್ಕದ ಒಂದು ಘಟಕಕ್ಕೆ 48 ಮೆಗಾಹರ್ಟ್ಸ್ ದೊರೆಯುತ್ತದೆಂದು ಕಡತವು ಹೇಳುತ್ತದೆನ್ನೋಣ. ಸೆಕೆಂಡಿಗೆ 1,15,200 ಬಿಟ್ಟುಗಳ ವೇಗ ಬೇಕಾದಲ್ಲಿ, 4,80,00,000ವನ್ನು 1,15,200ರ ಹದಿನಾರು ಪಟ್ಟಿನಿಂದ ಭಾಗಿಸಿ, ಸುಮಾರು 26.04 ಎಂಬ ಭಾಜಕವನ್ನು ತಂತ್ರಾಂಶವು ನಿಗದಿಮಾಡುತ್ತದೆ. ವಾಸ್ತವದಲ್ಲಿ ಬರುತ್ತಿರುವುದು 24 ಮೆಗಾಹರ್ಟ್ಸ್ ಆದರೆ ವೇಗವು ಅರ್ಧಕ್ಕಿಳಿದು 57,600 ಆಗುತ್ತದೆ. ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಮೂಡುತ್ತವೆ. ಕಡತದ ವ್ಯಾಕರಣ ಶುದ್ಧವಾಗಿರುವುದರಿಂದ ಯಾವ ಎಚ್ಚರಿಕೆಯೂ ಬಾರದು. ವಿದ್ಯಾರ್ಥಿಯು ನಿರ್ದೋಷಿಯಾದ ತಂತಿಯನ್ನು ಶಂಕಿಸುತ್ತಾನೆ.

ಬದಲಾಯಿಸಬಲ್ಲ ಗಡಿಯಾರದಿಂದ ಇಂತಿಷ್ಟೇ ಆವೃತ್ತಿ ಬೇಕೆಂದು ಕೋರುವುದಕ್ಕೆ ‘ಅಸೈನ್ಡ್-ಕ್ಲಾಕ್-ರೇಟ್ಸ್’ ಎಂಬ ಬೇರೆಯ ಸಾಲುಂಟು. ಸ್ಫಟಿಕದ ಸಾಲಿನಲ್ಲಿ ಸಂಖ್ಯೆಯನ್ನು ತಿದ್ದಿದ ಮಾತ್ರಕ್ಕೆ ಸ್ಫಟಿಕವು ಬದಲಾಗದು. ಆ ಸಾಲು ಇರುವುದನ್ನು ಹೇಳತಕ್ಕದ್ದು, ಬೇಕಾದುದನ್ನಲ್ಲ. ಬರೆಯುವ ಮೊದಲು ಫಲಕದ ವಿದ್ಯುತ್ ನಕ್ಷೆಯನ್ನು ನೋಡುವ ಅಭ್ಯಾಸವು ಈ ವಿಷಯದ ಮೊದಲ ಪಾಠವಾಗಿದೆ.